ಬಾಗಿಲಿಗೆ ಕಟ್ಟಿದ ಬೇವು

ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಹೋಗೋ ದಾರಿಯಲ್ಲಿ, ಬಂಡೆಗುಡ್ಡದ ಮೇಲೆ ಒಂದು ವಸತಿ ಶಾಲೆ. ಎಲ್ಲಿ ನೋಡಿದರೂ ಗಾಜು, ಎಲ್ಲಿ ನೋಡಿದರೂ ಕ್ಯಾಮೆರಾ. ಗಾಜಿನ ಸ್ಕೂಲು ಅಂತಲೇ ಸುತ್ತಲ ಊರುಗಳಲ್ಲಿ ಹೆಸರು. ಮಗಳಿಗೆ ಅಲ್ಲಿ ಸೀಟು ಸಿಕ್ಕಿತು ಅಂದರೆ ಬೀದಿಗೆಲ್ಲ ಪಾಯಸ ಹಂಚೋರು. ಒಳಗೆ ಏನು ಬೇಯ್ತಾ ಇದೆ ಅಂತ ಮುಚ್ಚಳ ತೆಗೆದು ನೋಡಿದೋರು ಒಬ್ಬರಾದರೂ ಉಂಟೇ? ಹೆತ್ತವರನ್ನೂ ಗೇಟಿನ ಒಳಗೆ ಬಿಡುತ್ತಿರಲಿಲ್ಲ. ಭಾನುವಾರ ಮೂರು ನಿಮಿಷ ವಿಡಿಯೊ ಕಾಲು, ಪಕ್ಕದಲ್ಲೇ ಟೀಚರು. ಮಕ್ಕಳು ನಗ್ತಾ "ಚೆನ್ನಾಗಿದೀನಿ" ಅನ್ನಬೇಕು, ಅಷ್ಟೇ.

ಹುತ್ತೂರಿನ ಶಿವಾನಿ ಅಲ್ಲಿ ಎಂಟನೇ ಕ್ಲಾಸು. ಆದರೆ ಅಲ್ಲಿ ಅವಳು ಶಿವಾನಿ ಅಲ್ಲ, ನೂರ ಹದಿನಾಲ್ಕು. ಎಲ್ಲರ ಕೈಗೂ ಒಂದು ಬ್ಯಾಂಡು. ಓದಿದ್ದು, ಮಲಗಿದ್ದು, ಮಾತಾಡಿದ್ದು ಎಲ್ಲದಕ್ಕೂ ಅದರ ಲೆಕ್ಕ ಇತ್ತು. ಗೆಳತಿಯನ್ನು ಹೆಸರು ಹಿಡಿದು ಕರೆದರೆ ಅಂಕ ಹೋಯಿತು, ಮನೆಯ ತೆಲುಗು ಬಾಯಿಗೆ ಬಂದರೂ ಹೋಯಿತು. ತಿಂಗಳ ಕೊನೇ ಶನಿವಾರ ಬೋರ್ಡಿನ ತಳದಲ್ಲಿ ಯಾರ ನಂಬರು ಇರುತ್ತದೋ ಅವರನ್ನು ಸಂಜೆ ನಾಲ್ಕಕ್ಕೆ ಬಿಳಿ ವ್ಯಾನು ತಿದ್ದುಮನೆಗೆ ಒಯ್ಯುತ್ತಿತ್ತು.

ತಿದ್ದುಮನೆ ಎಲ್ಲಿದೆ? ದೇವರಾಣೆಗೂ ಯಾರಿಗೂ ಗೊತ್ತಿಲ್ಲ. ಹೋದವರು ಮೂರು ವಾರಕ್ಕೆ ವಾಪಸ್ ಬರುತ್ತಿದ್ದರು. ಹೋಗೋದಕ್ಕಿಂತ ಆ ಬರೋದೇ ಭಯ. ಶ್ರೀನಿವಾಸಪುರದ ಅನಿತ ಹೋಗೋಕೆ ಮುಂಚೆ ಎಂಥಾ ಬಾಯಿಬಡುಕಿ! ಸೊಳ್ಳೆಗೂ ಅಡ್ಡಹೆಸರು ಇಡೋಳು. ಬಂದ ಮೇಲೆ ಬಚ್ಚಲಲ್ಲಿ ನೀರು ಬಿಟ್ಟು, ಆ ಸದ್ದಿನಲ್ಲಿ ಶಿವಾನಿ ಮೆಲ್ಲಗೆ "ಲೇ ಅನಿತಾ" ಅಂದಳು. ತಿರುಗಲಿಲ್ಲ. "ನೂರ ಎಂಟು" ಅಂದಾಗ ತಿರುಗಿ ನಕ್ಕಳು. ಆ ನಗು ನೋಡಿ ಶಿವಾನಿ ನಲ್ಲಿ ನಿಲ್ಲಿಸಿ ಹೊರಗೆ ಬಂದಳು.

ಈ ಶನಿವಾರ ಬೆಳಿಗ್ಗೆ ಬೋರ್ಡಿನ ತಳದಲ್ಲಿದ್ದದ್ದು ತ್ರಿವೇಣಿಯ ನಂಬರು.

ತ್ರಿವೇಣಿ ಕ್ಯಾಲನೂರಿನವಳು, ಹಾಲು ಕರೆಯೋ ಮನೆಯವಳು. ಶಿವಾನಿಯ ಪಕ್ಕದ ಮಂಚ. ಅವಳು ಮಾಡಿದ ತಪ್ಪಾದರೂ ಏನು? ನಿದ್ದೆಯಲ್ಲಿ ಮನೆಯ ಹಸುವನ್ನು "ಗೌರೀ, ಬಾರೇ" ಅಂತ ಕರೆಯುತ್ತಿದ್ದಳು. ಅದನ್ನೂ ಕೇಳಿಸಿಕೊಂಡು ಬ್ಯಾಂಡು ಅಂಕ ಕಳೆಯಿತು.

"ನಾನು ಬಂದ್ಮೇಲೆ ನಿನ್ನ ಗುರುತು ಹಿಡೀದೆ ಹೋದ್ರೆ ಹೊಡಿ ಕಣೇ," ಅಂದಳು ತ್ರಿವೇಣಿ. ತುಟಿ ಬಿಳಚಿಕೊಂಡಿತ್ತು.

ಅಡುಗೆಮನೆ ಹಿಂದೆ ತಟ್ಟೆ ತೊಳೆಯುವಾಗ ತಲೆ ಮೇಲಿದ್ದ ಬೇವಿನ ಮರ ಶಿವಾನಿಯ ಕಣ್ಣಿಗೆ ಬಿತ್ತು. ಹಿಂದಿನ ವರ್ಷ ತಮ್ಮನಿಗೆ ಅಮ್ಮ ಬಂದಿತ್ತು, ಮೈಯೆಲ್ಲ ನೀರುಗುಳ್ಳೆ. ಅಜ್ಜಿ ಆದಿಲಕ್ಷ್ಮಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದೇ ತಡ, ತರಕಾರಿಯವನು ಕೂಡ ಹೊಸ್ತಿಲು ದಾಟಲಿಲ್ಲ. ಮನೆಯಲ್ಲಿ ಒಗ್ಗರಣೆ ಇಲ್ಲ, ತಲೆ ಬಾಚೋ ಹಾಗಿಲ್ಲ. ಮಿಂದು ಬಂದ ಹೆಂಗಸರು ಮಾತ್ರ ಮೊಸರನ್ನ ತಂದು ತಂಪು ಮಾಡಿ ಹೋಗುತ್ತಿದ್ದರು. ಜೊತೆಗೆ ಅಜ್ಜಿಯ ಇನ್ನೊಂದು ಮಾತೂ ನೆನಪಾಯಿತು: "ಅಮ್ಮನ ಹೆಸರಲ್ಲಿ ಸುಳ್ಳಾಡಬಾರದು ಕಣೇ, ಕಣ್ಣು ಹೋಗ್ತವೆ."

ಕಣ್ಣು ಹೋದರೆ ಹೋಗಲಿ ಅಂದುಕೊಂಡಳು. ಎರಡು ರೆಂಬೆ ಮುರಿದು ಸ್ವೆಟರಿನೊಳಗೆ ಇಟ್ಟುಕೊಂಡಳು.

ಹನ್ನೊಂದು ಗಂಟೆಗೆ ಅವರ ಕೋಣೆಯ ಬಾಗಿಲಲ್ಲಿ ಬೇವು ತೂಗುತ್ತಿತ್ತು. ಒಳಗೆ ತ್ರಿವೇಣಿ ಕತ್ತಿನ ತನಕ ಹೊದ್ದು ಮಲಗಿದ್ದಳು, ಪಕ್ಕದಲ್ಲಿ ಶಿವಾನಿ. ಗಾರ್ಡು ಕೋದಂಡರಾಮಪ್ಪ ಬೆತ್ತ ಬೀಸಿಕೊಂಡು ಬಂದವನು ಬಾಗಿಲ ಮುಂದೆ ಗಕ್ಕನೆ ನಿಂತ. ಚಪ್ಪಲಿ ಬಿಟ್ಟ. ಕೈ ಮುಗಿದ.

"ಯಾರಿಗಮ್ಮಾ?"

"ತ್ರಿವೇಣಿಗೆ," ಅಂದಳು ಶಿವಾನಿ. ಬ್ಯಾಂಡು ಕೀಂ ಅಂತು, ಅಂಕ ಹೋಯಿತು.

ಕೋದಂಡರಾಮಪ್ಪ ಅಲ್ಲಿಂದ ಸೀದಾ ಅಡುಗೆಮನೆಗೆ ಹೋದ. ಅಡುಗೆಯ ಬೈರಮ್ಮ ಕೇಳಿದವಳೇ ಕಾದ ಎಣ್ಣೆ ಕೆಳಗಿಳಿಸಿದಳು. ಆವತ್ತು ಮುನ್ನೂರು ಮಕ್ಕಳಿಗೂ ಒಗ್ಗರಣೆ ಇಲ್ಲದ ಸಾರು. ಊಟ ಮುಗಿದ ಮೇಲೆ ಬೈರಮ್ಮ ಕಿಟಕಿ ಹತ್ತಿರ ಬಂದು, "ಯಾವೂರಮ್ಮ ನಿಂದು? ಹುತ್ತೂರಾ? ನಮ್ಮ ತಂಗೀನ ಅಲ್ಲಿಗೇ ಕೊಟ್ಟಿರೋದು. ಭಯಪಡಬೇಡ, ಹೇಳ್ತೀನಿ," ಅಂದು ಮನೆಗೆ ಹೊರಟಳು. ಏನು ಹೇಳ್ತಾಳೆ, ಯಾರಿಗೆ ಹೇಳ್ತಾಳೆ, ಅಂತ ಶಿವಾನಿ ಕೇಳೋದರೊಳಗೆ ಅವಳು ಗೇಟು ದಾಟಿದ್ದಳು.

ಮೂರೂವರೆಗೇ ವ್ಯಾನು ಬಂತು. ಅದರ ಜೊತೆ ಪ್ರಿನ್ಸಿಪಾಲ್ ಮುರಳಿಮೋಹನ್, ಕೈಯಲ್ಲಿ ಟ್ಯಾಬು. ಆ ಪುಣ್ಯಾತ್ಮ ಎಂದೂ ಕಿರುಚಿದವನಲ್ಲ. ಮೆತ್ತಗೆ ಮಾತಾಡೋನು, ಅದಕ್ಕೇ ಮಕ್ಕಳು ಉಚ್ಚೆ ಹೊಯ್ದುಕೊಳ್ಳುತ್ತಿದ್ದರು.

"ಜ್ವರ ಇಲ್ಲ. ಬ್ಯಾಂಡ್ ಪ್ರಕಾರ ಮೈ ಶಾಖ ಸರಿ ಇದೆ. ಎತ್ತಿಕೊಂಡು ಬನ್ನಿ."

"ಬ್ಯಾಂಡಿಗೇನ್ ಗೊತ್ತು ಸಾರ್ ಅಮ್ಮನ ವಿಷ್ಯ? ಬೇಕಾದ್ರೆ ಕೆಲಸದಿಂದ ತೆಗೀರಿ, ನಾನಂತೂ ಒಳಗ್ ಹೋಗಲ್ಲ," ಅಂದ ಕೋದಂಡರಾಮಪ್ಪ. ವ್ಯಾನಿನ ಡ್ರೈವರೂ ಈ ಕಡೆಯವನೇ, ಅವನು ಸ್ಟೇರಿಂಗ್ ಬಿಟ್ಟು ಇಳಿಯಲೇ ಇಲ್ಲ.

ಮುರಳಿಮೋಹನ್ ಬೇವು ಕಿತ್ತು ನೆಲಕ್ಕೆ ಹಾಕಿದ. ಮೆಟ್ಟಿಕೊಂಡು ಒಳಗೆ ಬಂದ. "ನೂರ ಹದಿನಾಲ್ಕು, ಪಕ್ಕಕ್ಕೆ ಬಾ. ಮುಂದಿನ ತಿಂಗಳು ನಿನ್ನ ಸರದಿ," ಅಂದು ತ್ರಿವೇಣಿಯ ತೋಳು ಹಿಡಿದು ಎಳೆದ. ಶಿವಾನಿ ಇನ್ನೊಂದು ಕೈ ಹಿಡಿದು ಜೋತುಬಿದ್ದಳು. ಕೈ ಜಾರುತ್ತಿತ್ತು. ಒಂದೊಂದೇ ಬೆರಳು ಬಿಡುತ್ತಿತ್ತು.

ಅಷ್ಟರಲ್ಲಿ ಗೇಟಿನ ಹತ್ತಿರ ಹಾರನ್ನು. ಒಂದು ಟೊಮೇಟೊ ಟೆಂಪೊ, ಹಿಂದೆ ನಾಲ್ಕು ಆಟೋ. ಕ್ರೇಟುಗಳ ಮಧ್ಯದಿಂದ ಹೆಂಗಸರು ಇಳಿದರು. ಒದ್ದೆ ತಲೆ, ಕೈಯಲ್ಲಿ ಮೊಸರನ್ನದ ಬೋಸಿ, ಬೇವಿನ ಕಟ್ಟು. ಅಮ್ಮನಿಗೆ ತಂಪು ಮಾಡೋಕೆ ಬಂದ ಹೆಂಗಸರನ್ನು ತಡೆಯೋಕೆ ಯಾವ ಗಂಡಸಿಗೆ ಎದೆ ಇದೆ? ಕೋದಂಡರಾಮಪ್ಪನೇ ಓಡಿಹೋಗಿ ಗೇಟು ತೆಗೆದ.

ಎಲ್ಲರಿಗಿಂತ ಮುಂದೆ ಆದಿಲಕ್ಷ್ಮಮ್ಮ.

ಪ್ರಿನ್ಸಿಪಾಲು ತೋಳು ಬಿಟ್ಟು ಹಿಂದೆ ಸರಿದ. "ನೋಡಿ ಅಜ್ಜೀ, ನೀವೇ ನೋಡಿ ಹೇಳಿ. ಏನಾದ್ರೂ ಇದೆಯಾ?"

ಅಜ್ಜಿ ತ್ರಿವೇಣಿಯ ಹಣೆ ಮುಟ್ಟಿದಳು. ಕತ್ತು, ತೋಳು, ಬೆನ್ನು ನೋಡಿದಳು. ಒಂದು ಗುಳ್ಳೆ ಇಲ್ಲ. ತಿರುಗಿ ಮೊಮ್ಮಗಳ ಮುಖ ನೋಡಿದಳು. ಮುಗೀತು, ಅಂದುಕೊಂಡಳು ಶಿವಾನಿ. ಎಪ್ಪತ್ತು ವರ್ಷದಲ್ಲಿ ಅಜ್ಜಿ ಅಮ್ಮನ ಹೆಸರಲ್ಲಿ ಒಂದು ಸುಳ್ಳು ಆಡಿದವಳಲ್ಲ.

ಬಾಗಿಲಲ್ಲಿ ಅನಿತ ನಿಂತಿದ್ದಳು, ಅದೇ ನಗು. ಅಜ್ಜಿ ಕೇಳಿದಳು, "ಯಾರ ಮಗಳೇ ನೀನು?"

"ನೂರ ಎಂಟು," ಅಂದಳು ಅನಿತ.

"ನಿಮ್ಮಪ್ಪನ ಹೆಸರೇನೇ?"

"ನೂರ ಎಂಟು."

ಅಜ್ಜಿ ಕೈಯಲ್ಲಿದ್ದ ಬೋಸಿ ಕೆಳಗಿಟ್ಟಳು. ಬಗ್ಗಿ ನೆಲದ ಮೇಲಿದ್ದ ಬೇವು ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಹೊರಗಿದ್ದ ಹೆಂಗಸರಿಗೆಲ್ಲ ಕೇಳೋ ಹಾಗೆ ಅಂದಳು: "ಬಂದಿದ್ದಾಳೆ! ಈ ಮಗೂಗೂ ಬಂದಿದ್ದಾಳೆ, ಆ ಮಗೂಗೂ ಬಂದಿದ್ದಾಳೆ. ಒಂದ್ ಮಗೂನೂ ಇಲ್ಲಿ ಬಿಡಬೇಡ್ರೇ. ಫೋನ್ ಮಾಡಿ ಎಲ್ಲಾ ಊರಿಗೂ ಹೇಳ್ರಿ, ಬಂದು ಮಕ್ಕಳನ್ನ ಕರ್ಕೊಂಡ್ ಹೋಗ್ಲಿ!"

ಮುರಳಿಮೋಹನ್ ಏನೋ ಮೆತ್ತಗೆ ಹೇಳೋಕೆ ಹೋದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕತ್ತಲಾಗೋದರೊಳಗೆ ಗುಡ್ಡದ ಕೆಳಗೆ ಟ್ರ್ಯಾಕ್ಟರು, ಬೈಕು ಸಾಲುಗಟ್ಟಿ ನಿಂತಿದ್ದವು.

ಟೆಂಪೊದಲ್ಲಿ ಶಿವಾನಿ ಅಜ್ಜಿಯ ಸೆರಗು ಹಿಡಿದು ಅತ್ತಳು. "ಅಜ್ಜೀ, ನಾನು ಸುಳ್ಳು ಹೇಳ್ದೆ. ನನ್ ಕಣ್ಣು ಹೋಗ್ತವಾ?"

"ನಾನೂ ಹೇಳ್ದೆ ಅಲ್ವೇನೇ. ಮಂಗಳವಾರ ಇಬ್ರೂ ಹೋಗಿ ತಪ್ಪುಕಾಣಿಕೆ ಹಾಕೋಣ. ಸುಮ್ನಿರು."

ಪಕ್ಕದಲ್ಲಿ ತ್ರಿವೇಣಿ ತನ್ನ ಹೆಸರನ್ನು ತಾನೇ ಬಾಯೊಳಗೆ ಹೇಳಿಕೊಳ್ಳುತ್ತಿದ್ದಳು, ಮತ್ತೆ ಮತ್ತೆ.

ಎದುರಿಗೆ ಅನಿತ, ಅವಳನ್ನು ತಬ್ಬಿಕೊಂಡು, ಫೋನು ಕೇಳಿ ಓಡಿಬಂದ ಅವಳ ತಾಯಿ ಭಾರತಮ್ಮ. "ಅನಿತಾ... ಅನೀ... ನನ್ ಬಂಗಾರೂ..." ಶ್ರೀನಿವಾಸಪುರದ ದೀಪಗಳು ಕಾಣೋ ತನಕ ಕರೆದಳು. ಹುಡುಗಿ ನಗ್ತಾ ಹೊರಗೆ ನೋಡ್ತಾನೇ ಇದ್ದಳು. ಕೊನೆಗೆ ಭಾರತಮ್ಮ ಕಣ್ಣು ಒರೆಸಿಕೊಂಡು, ಮಗಳ ಕಿವಿಗೆ ಬಾಯಿಟ್ಟು ಮೆಲ್ಲಗೆ ಅಂದಳು:

"ನೂರ ಎಂಟು."

ಅನಿತ ತಿರುಗಿದಳು. "ಯೆಸ್ ಮೇಡಂ," ಅಂದಳು.