ಹದಿನೆಂಟನೆಯ ಓವರ್

ಟಕ್, ಕಿಟಕಿಯಾಚೆ ಕಾಲೇಜು ಮೈದಾನದಲ್ಲಿ ಚೆಂಡು ಬ್ಯಾಟಿಗೆ ತಾಗಿದ ಸದ್ದು, ನಡುವಿಗಲ್ಲ, ಅಂಚಿಗೆ, ಕಣ್ಣೆತ್ತದೆಯೇ ಪಂಪಾವತಿಗೆ ಗೊತ್ತಾಗುತ್ತದೆ, ಸಂಖ್ಯಾಶಾಸ್ತ್ರ ಪಾಠ ಮಾಡುವವಳ ಕಿವಿಯಲ್ಲ ಅದು, ಇಪ್ಪತ್ತೆಂಟು ವರ್ಷದ ಹಿಂದೆ ಹೊಸಪೇಟೆ ತಂಡಕ್ಕೆ ಸ್ಕೋರ್ ಬರೆಯುತ್ತಿದ್ದ ಹುಡುಗಿಯ ಕಿವಿ — ಮೇಜಿನ ತುಂಬ ಕ್ರಿಕೆಟ್ ಸಂಘದ ಹಳೆಯ ಸ್ಕೋರ್ ಪುಸ್ತಕಗಳು, ಸ್ಮರಣ ಸಂಚಿಕೆಗೆ ಮರೆತುಹೋದ ಆಟಗಾರರ ಬಗ್ಗೆ ನೀವೇ ಬರೀರಿ ಮೇಡಂ ಎಂದು ಸಂಘದವರು ತಾವೇ ತಂದು ಕೊಟ್ಟರು, ಪಾಪ, ಯಾರ ಕೈಗೆ ಕೊಡುತ್ತಿದ್ದೇವೆಂದು ತಿಳಿಯದೆ. ಬಂಡ್ರಿಯ ಜಂಬಪ್ಪನದು ಬರೆದಾಯಿತು, ಸರಾಸರಿ ಬರೀ ಇಪ್ಪತ್ತಾರು ಎಂದು ಮೂಗು ಮುರಿದರಲ್ಲ, ಅವೇ ನಾರಿನ ಚಾಪೆ ಹಾಸಿದ ಮ್ಯಾಟಿಂಗ್ ಪಿಚ್ಚುಗಳಲ್ಲಿ ಉಳಿದವರದು ಹದಿಮೂರು, ಅವನೊಬ್ಬ ಇಬ್ಬರ ಸಮ, ಆದರೆ ಜಂಬಪ್ಪ ನೆಪ, ಅವಳಿಗೆ ಬೇಕಿರುವುದು ಸಂಡೂರಿನ ಆ ಪಂದ್ಯ, ಅಣ್ಣ ಯಲ್ಲೇಶ ಐದು ವಿಕೆಟ್ ತೆಗೆದ ಪಂದ್ಯ, ಪುಸ್ತಕದಲ್ಲಿ ಮಾತ್ರ ಅವನಿಗೆ ಎರಡಂತೆ, ಐದು ಅದೇ ತಂಡದ ವಿಜಯಕುಮಾರನಿಗೆ, ಸಂಘದ ಕಾರ್ಯದರ್ಶಿ ಶೀನಪ್ಪನ ಮಗನಿಗೆ, ಅವನು ವಲಯ ತಂಡಕ್ಕೆ ಹೋದ, ಅಣ್ಣ ತೋರಣಗಲ್ಲಿಗೆ ಗುತ್ತಿಗೆ ಕೂಲಿಗೆ. ಅಪ್ಪ ಮಗ ಕೂಡಿ ಬುಕ್ ತಿದ್ಯಾರ ತಂಗಿ, ನೀ ಸರಿಯಾಗೇ ಬರದಿದ್ದಿ, ನಂಗೊತ್ತೈತಿ, ಎಂದಿದ್ದ ಅಣ್ಣ. ಶೀನಪ್ಪ ಸತ್ತ, ಮಗ ಈಗ ಸಂಘದ ಅಧ್ಯಕ್ಷ, ಭಾನುವಾರ ಅವನಿಗೆ ಸನ್ಮಾನ, ಹಾರ ಬೀಳುವ ಹೊತ್ತಿಗೆ ಎಲ್ಲರ ಕೈಯಲ್ಲೂ ಸಂಚಿಕೆ, ಒಳಗೆ ತಿದ್ದಿದ ಹಾಳೆಯ ಫೋಟೊ, ಕುರ್ಚಿಯಲ್ಲೇ ಬೆವರಬೇಕು ಅವನು, ಮೊದಲ ಸಾಲಿನಿಂದ ನೋಡಬೇಕು ಅವಳು. ಸಿಕ್ಕಿತು ಆ ಹಾಳೆ — ಪ್ರತಿ ಓವರಿನ ಚೌಕದ ಮೇಲೂ ಪುಟ್ಟ ಅಂಕಿ, ಅವಳದೇ ಅಭ್ಯಾಸ, ಹದಿನೇಳು ವಿಜಯಕುಮಾರನ ಸಾಲಿನಲ್ಲಿ, ಹದಿನೆಂಟೂ ವಿಜಯಕುಮಾರನ ಸಾಲಿನಲ್ಲಿ, ಒಬ್ಬನೇ ಬೆನ್ನುಬೆನ್ನಿಗೆ ಎರಡು ಓವರ್ ಹಾಕುವಂತೆಯೇ ಇಲ್ಲ, ಕಳ್ಳರಾ, ಕದಿಯಲೂ ಬರಲಿಲ್ಲ ನಿಮಗೆ, ಜೋರಾಗಿ ನಕ್ಕಳು, ಹಾಳೆಯನ್ನು ಬೆಳಕಿಗೆ ಹಿಡಿದಳು, ರಬ್ಬರು ಉಜ್ಜಿದ ಗುರುತೆಲ್ಲಿ, ಬ್ಲೇಡಿನಿಂದ ಕೆರೆದದ್ದೆಲ್ಲಿ, ಇಲ್ಲ, ಹದಿನೆಂಟರ ಚೌಕದಲ್ಲಿ ಮೂರು ವಿಕೆಟ್ಟಿಗೆ ಮೂರು ಡಬ್ಲ್ಯು, ಮೂರರ ಬಾಲವೂ ಮೇಲಕ್ಕೆ ಸುತ್ತಿಕೊಂಡಿದೆ, ಇವತ್ತು ಬೆಳಗ್ಗೆ ಕರಿಹಲಗೆಯ ಮೇಲೂ ಹಾಗೇ ಸುತ್ತಿತ್ತು, ಅವಳದೇ ಕೈ. ಅಣ್ಣನ ಸಾಲು ಅದರ ಕೆಳಗೆ, ಹದಿನೆಂಟರ ಜಾಗ ಖಾಲಿ — ಅಣ್ಣನ ಆ ಓವರಿನ ಮೊದಲ ಬಾಲಿಗೇ ವಿಕೆಟ್ ಬಿತ್ತು, ನಮ್ಮಣ್ಣಾ ಎಂದು ಕೂಗಿ ಕುಣಿದಿದ್ದಳು, ಮತ್ತೆ ಕೂತು ಪೆನ್ಸಿಲ್ ಹಿಡಿದಾಗ ಒಂದು ಸಾಲು ಮೇಲೆ ಬರೆದುಬಿಟ್ಟಿದ್ದಳು. ಫೋನು ನಡುಗುತ್ತದೆ, ಅಣ್ಣ, ಶಿಫ್ಟ್ ಮುಗಿಸಿ ಬಸ್ಸಿನಲ್ಲಿದ್ದಾನೆ, ಏನವ್ವಾ ಲೆಕ್ಚರರಮ್ಮ, ಸಿಕ್ತೇನು ಕಳ್ಳನ ಜುಟ್ಟು? ಆ ಹಾಳೀನ ಇಲ್ಲಣ್ಣ, ಹರದ್ ಒಗದಾರ, ಎನ್ನುತ್ತದೆ ಅವಳ ಬಾಯಿ. ಅಣ್ಣ ನಗುತ್ತಾನೆ, ನಾ ಹೇಳಿದ್ದಿಲ್ಲೇನು, ಭಾಳ ಶಾಣ್ಯಾರು, ಬಿಡಬ್ಯಾಡ ತಂಗಿ, ಹರದಾರ ಅಂತನ ಬರಿ. ಹೂಂ ಅಣ್ಣ. ಹೇಳಿದ ಮೇಲೆ ಹರಿಯಲೇಬೇಕಲ್ಲ, ಸ್ಕೇಲಿಟ್ಟು ನೀಟಾಗಿ ಹರಿದು ಬ್ಯಾಗಿಗೆ ಹಾಕುತ್ತಾಳೆ, ತಾನು ತೆಗೆದದ್ದು ಎರಡೇ ಎಂದು ವಿಜಯಕುಮಾರನಿಗೆ ಗೊತ್ತಿರಲಿಲ್ಲವೇ, ಬಾಯಿ ಬಿಟ್ಟನೇ, ಬೆವರಲಿ, ಬಿಡುವುದಿಲ್ಲ, ಇದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ, ಅಣ್ಣನಿಗಂತೂ ಇಲ್ಲವೇ ಇಲ್ಲ, ಬ್ಯಾಗಿನ ಜಿಪ್ಪು ಎಳೆದಳು, ಕಣ್ಣು ಮುಚ್ಚಿದಳು, ಡಬ್ಲ್ಯು, ಬಾಲ ಸುತ್ತಿಕೊಂಡ ಡಬ್ಲ್ಯು, ಅದರ ಪಕ್ಕ ಇನ್ನೊಂದು, ಇನ್ನೊಂದು