ದಾರದ ಪೆಟ್ಟಿಗೆಗೆ ಬೀಗ

ಅಕ್ಕ ಎಲೆಗಳನ್ನೆಲ್ಲ ಕಂದು ದಾರದಲ್ಲಿ ಕಸೂತಿ ಮಾಡಿಟ್ಟಿದ್ದಳು. ಗಿರಾಕಿ ಬಟ್ಟೆ ಬಿಡಿಸಿ ನೋಡಿ, "ಇದೇನಮ್ಮ, ಬಳ್ಳಿಗೆ ನೀರು ಹಾಕಲಿಲ್ವಾ? ಒಣಗಿಹೋಗಿದೆ!" ಎಂದು ನಕ್ಕಳು.

ಅಕ್ಕ ನಗಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ನನ್ನ ಹೆಂಡತಿಯನ್ನು ದುರುಗುಟ್ಟಿ ನೋಡಿದಳು. ಗಿರಾಕಿ ಹೊಸಿಲು ದಾಟುವುದೇ ತಡ, "ಹಸಿರು ರೀಲಿನ ಜಾಗದಲ್ಲಿ ಕಂದು ಇಟ್ಟೋರು ಯಾರು ಅಂತ ನಾನು ಹೇಳಬೇಕಾಗಿಲ್ಲ," ಎಂದಳು.

"ಹೇಳಿಬಿಡಿ ಅತ್ತಿಗೆ. ನುಂಗಿಕೊಂಡ್ರೆ ನಿಮ್ಮ ಕೆಮ್ಮಿನ ಮಾತ್ರೆಗಳ ಜೊತೆ ಅದೂ ಹೊಟ್ಟೇಲಿ ಕೂರುತ್ತೆ."

"ಕೇಳಿದ್ಯೇನೋ ತಮ್ಮ, ಇವಳ ಬಾಯಿ? ಕಿಟಕಿ ಪಕ್ಕದ ನನ್ನ ಜಾಗ ಬೇಕಂತೆ ಇವಳಿಗೆ."

ಅದು ಮೂರನೆಯ ತಪ್ಪು. ಇನ್ನೆರಡಾದರೆ ಗಿರಾಕಿಗಳು ಬೇರೆ ಅಂಗಡಿ ನೋಡಿಕೊಳ್ಳುತ್ತಾರೆ. ಆ ಕಿಟಕಿ ಮತ್ತು ಆ ಸೂಜಿ ಬಿಟ್ಟರೆ ಗಂಡನಿಲ್ಲದ ಅಕ್ಕನಿಗೆ ತನ್ನದು ಎನ್ನಲು ಬೇರೇನೂ ಇರಲಿಲ್ಲ.

ವರ್ಷಗಟ್ಟಲೆ ಕೆಮ್ಮಿದವಳು ಅವಳು. ಬಟ್ಟೆಯ ಧೂಳು ಎಂದುಕೊಂಡೆವು. ಕಫದಲ್ಲಿ ರಕ್ತ ಕಂಡ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಶ್ವಾಸಕೋಶದ ಡಾಕ್ಟರಮ್ಮ ಸಾವಧಾನವಾಗಿ ಬಿಡಿಸಿ ಹೇಳಿದರು. "ಇದು ಕ್ಷಯ ಅಲ್ಲ, ಕ್ಷಯದ ದಾಯಾದಿ. ಮಣ್ಣಲ್ಲಿ, ನಲ್ಲಿ ನೀರಲ್ಲಿ ಇರೋ ಕ್ರಿಮಿ. ನಮ್ಮೆಲ್ಲರ ಒಳಗೂ ಹೋಗುತ್ತೆ, ಹೊರಗೂ ಬರುತ್ತೆ. ನಿಮಗೆ ಹಿಂದೆ ನ್ಯುಮೋನಿಯಾ ಆಗಿ ಶ್ವಾಸನಾಳ ಹಿಗ್ಗಿದೆ. ಅಲ್ಲಿ ಕಫ ನಿಲ್ಲುತ್ತೆ, ಕ್ರಿಮಿ ಅಲ್ಲೇ ಮನೆ ಮಾಡಿದೆ. ಮನೆಯವರಿಗೆ ಅಂಟೋದಿಲ್ಲ, ಹೆದರಬೇಡಿ."

"ದಾಯಾದಿ ಅಂದ್ಮೇಲೆ ಸುಮ್ಮನೆ ಬಿಟ್ಟುಹೋಗ್ತಾನಾ?" ಎಂದಿದ್ದಳು ಅಕ್ಕ.

"ಹೋಗಲ್ಲ. ಅದಕ್ಕೇ ಮೂರು ಔಷಧ ಒಟ್ಟಿಗೆ. ಒಂದನ್ನೇ ಕೊಟ್ರೆ ಕ್ರಿಮಿ ಅದನ್ನ ಗೆಲ್ಲೋದು ಕಲಿತುಬಿಡುತ್ತೆ. ಕಫ ಶುದ್ಧ ಆದ್ಮೇಲೂ ಇನ್ನೊಂದು ವರ್ಷ ಬಿಡೋ ಹಾಗಿಲ್ಲ. ಮೂತ್ರ, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗಿದ್ರೆ ಗಾಬರಿ ಬೇಡ. ಆದ್ರೆ ಒಂದು ಮಾತ್ರೆ ಕಣ್ಣಿನ ನರಕ್ಕೆ ತೊಂದರೆ ಮಾಡಬಹುದು. ಕಣ್ಣಲ್ಲಿ ಏನೇ ವ್ಯತ್ಯಾಸ ಕಂಡ್ರೂ ಅವತ್ತೇ ಬನ್ನಿ."

ಅಕ್ಕ ಆ ಮಾತನ್ನು ಮರೆಯಲಿಲ್ಲ. ದಿನಾ ಬೆಳಿಗ್ಗೆ ದೇವರಿಗೆ ಕೈಮುಗಿದು, ಅತಿ ಸಣ್ಣ ಸೂಜಿ ತೆಗೆದು ದಾರ ಪೋಣಿಸುತ್ತಿದ್ದಳು. ಒಂದೇ ಸಲಕ್ಕೆ ಹೋಗುತ್ತಿತ್ತು. "ಕಣ್ಣು ಸರಿ ಇದೆ," ಎಂದು ನನಗೆ ಕೇಳುವಂತೆ ಹೇಳುತ್ತಿದ್ದಳು. ಅವಳ ಕಣ್ಣು ಸರಿ ಇದ್ದರೆ, ತಪ್ಪು ಯಾರದು?

ಸಂಶಯ ಎನ್ನುವುದು ಬಟ್ಟೆಗೆ ಬಿದ್ದ ಎಣ್ಣೆ, ಒರೆಸಿದಷ್ಟೂ ಹರಡುತ್ತದೆ. ಚಿಕ್ಕಂದಿನಲ್ಲಿ ಅಪ್ಪ ಸಂಜೆ ಪದ್ಯ ಓದುವಾಗ ಅರ್ಥಕ್ಕಿಂತ ಮೊದಲು ದನಿಯನ್ನು ಹಿಡಿಯುವುದು ನನಗೆ ಅಭ್ಯಾಸವಾಗಿತ್ತು. ಈಗ ಆ ಕಿವಿಯನ್ನು ಹೆಂಡತಿಯ ಮೇಲಿಟ್ಟೆ. ಅವಳು ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು, ರೀಲು ಉರುಳಿದ ಸದ್ದು, ಕೆಲಸದ ನಡುವೆ ಗುನುಗುವುದನ್ನು ತಟ್ಟನೆ ನಿಲ್ಲಿಸಿದ್ದು, ಎಲ್ಲದರಲ್ಲೂ ಏನೋ ಇದೆ ಎನ್ನಿಸತೊಡಗಿತು. ಕೊನೆಗೆ ಒಂದು ಬೀಗ ತಂದೆ. ದಾರಗಳನ್ನು ನಾನೇ ವಿಂಗಡಿಸಿ, ಪೆಟ್ಟಿಗೆಗೆ ಬೀಗ ಜಡಿದು, ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡೆ.

"ಇದು ಯಾರಿಗೆ?" ಎಂದಳು ಹೆಂಡತಿ.

"ಇಲಿಗೆ."

"ಎರಡು ಕಾಲಿನ ಇಲಿ ತಾನೇ?" ಎಂದವಳು ಯಂತ್ರ ತುಳಿಯತೊಡಗಿದಳು.

ಮರುದಿನ ಅಕ್ಕ ಗುಲಾಬಿ ಹೂ ಹಾಕಲು ಕೂತಳು. ನಾನೇ ಬೀಗ ತೆಗೆದು ಕೆಂಪು ರೀಲನ್ನು ಅವಳ ಅಂಗೈಯಲ್ಲಿಟ್ಟೆ. ಅವಳು ಬೆಳಕಿಗೆ ಹಿಡಿದು ನೋಡಿದಳು. ಮುಖ ಸಣ್ಣದಾಯಿತು.

"ಕೆಂಪು ಕೇಳಿದ್ರೆ ಮಾಸಲು ಕಂದು ಕೊಡ್ತೀಯಲ್ಲೋ. ನೀನೂ ಅವಳ ಕಡೆ ಸೇರಿಬಿಟ್ಯಾ?"

ರೀಲು ಕೆಂಡದಂತೆ ಕೆಂಪಗಿತ್ತು.

ಯಂತ್ರದ ಸದ್ದು ನಿಂತಿತು. ಹೆಂಡತಿ ಎದ್ದು ಬಂದು ತನ್ನ ಹಸಿರು ಶಾಲನ್ನು ಮುಂದೆ ಹಿಡಿದಳು. "ಅತ್ತಿಗೆ, ಇದು ಯಾವ ಬಣ್ಣ?"

"ಅದೂ ಕಂದೇ. ಯಾಕೆ?"

"ಇವತ್ತಿನ ಮಾತ್ರೆ ತಗೊಂಡ್ರಾ?"

"ಊಟ ಆದ್ಮೇಲೆ."

"ತಗೋಬೇಡಿ."

"ನೋಡಿದ್ಯಾ!" ಅಕ್ಕ ಕೂಗಿದಳು, ಕೂಗಿದ್ದಕ್ಕೆ ಕೆಮ್ಮು ಬಂತು. "ಜಾಗ ಸಾಲದು ಅಂತ, ಈಗ ಔಷಧ ಬಿಡಿಸಿ ನನ್ನ ಪ್ರಾಣಾನೇ ತೆಗೀಬೇಕಂತೆ!"

ನಾನು ಆಸ್ಪತ್ರೆಗೆ ಫೋನು ಮಾಡಿದೆ. ಅಕ್ಕನಿಗೂ ಕೇಳಲೆಂದು ಧ್ವನಿ ಜೋರು ಮಾಡಿದೆ. ಡಾಕ್ಟರಮ್ಮ ಆ ಒಂದು ಮಾತ್ರೆಯ ಹೆಸರು ಹೇಳಿ, "ಅದನ್ನ ಮುಟ್ಟಬೇಡಿ. ಈಗಲೇ ಹೊರಡಿ," ಎಂದರು.

ಕಣ್ಣಿನ ವಿಭಾಗದಲ್ಲಿ ಬಣ್ಣದ ಚುಕ್ಕಿಗಳ ಹಾಳೆ ತೋರಿಸಿ ಅಂಕಿ ಓದಲು ಹೇಳಿದರು. "ಇದರಲ್ಲಿ ಅಂಕಿನೇ ಇಲ್ಲ. ಖಾಲಿ ಹಾಳೆ ತೋರಿಸಿ ನನ್ನ ಪರೀಕ್ಷೆ ಮಾಡ್ತೀರಾ?" ಎಂದು ಅಕ್ಕ ಜಗಳಕ್ಕೇ ನಿಂತಳು. ಬಾಗಿಲಲ್ಲಿ ನಿಂತ ನನಗೆ ಅಂಕಿ ಢಾಳಾಗಿ ಕಾಣುತ್ತಿತ್ತು. ಅಕ್ಕ ತಿರುಗಿ ನನ್ನ ಮುಖ ನೋಡಿದಳು. ಅವಳ ದನಿ ಅಲ್ಲಿಗೆ ಇಳಿಯಿತು. ಅಷ್ಟರಲ್ಲಿ ಶ್ವಾಸಕೋಶದ ಡಾಕ್ಟರಮ್ಮನೂ ಅಲ್ಲಿಗೆ ಬಂದರು.

"ನಾನು ದಿನಾ ಸೂಜಿ ಪೋಣಿಸ್ತೀನಿ, ಡಾಕ್ಟರಮ್ಮ. ಒಂದು ಸಲಾನೂ ತಪ್ಪಿಲ್ಲ."

"ಸೂಜಿ ಕಣ್ಣಿಗೆ ಬಣ್ಣ ಬೇಕಾಗಿಲ್ಲವಲ್ಲಮ್ಮ. ಮೊದಲು ಮಂಕಾಗೋದು ಕೆಂಪು, ಹಸಿರು. ಬೇಗ ಬಂದಿದ್ದೀರಿ, ನಿಧಾನವಾಗಿ ತಿರುಗಿ ಬರಬಹುದು. ಪೂರ್ತಿ ಬರುತ್ತೆ ಅಂತ ಮಾತು ಕೊಡಲಾರೆ. ಆ ಮಾತ್ರೆ ಬದಲಿಸ್ತೀನಿ, ಉಳಿದ ಎರಡನ್ನ ಬಿಡಬೇಡಿ. ಕಫದಲ್ಲಿ ಕ್ರಿಮಿ ಇಳಿಯುತ್ತಾ ಬಂದಿದೆ. ಈಗ ಎಲ್ಲಾ ನಿಲ್ಲಿಸಿದ್ರೆ ಅದು ಮತ್ತೆ ತಲೆ ಎತ್ತುತ್ತೆ."

ವಾಪಸು ಬರುವಾಗ ಅಕ್ಕ ಅತ್ತಳು. ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡಾಗ ಅಲ್ಲಿ ಕಿತ್ತಳೆಯ ಕಲೆ ಉಳಿಯಿತು. ಅದು ಅವಳಿಗೆ ಯಾವ ಬಣ್ಣವಾಗಿ ಕಂಡಿತೋ.

ಅಂಗಡಿಗೆ ಬಂದವಳು ಕಿಟಕಿ ಪಕ್ಕ ಕೂತು ಕಸೂತಿಯ ಚೌಕಟ್ಟಿಗೆ ಬಟ್ಟೆ ಬಿಗಿದಳು. ತಲೆ ಎತ್ತದೆ ಹೆಂಡತಿಯ ಕಡೆ ಕೈ ಚಾಚಿದಳು. "ಹಸಿರು ಕೊಡು."

ಬೀಗ ತೆಗೆದೇ ಇದ್ದ ಪೆಟ್ಟಿಗೆಯಿಂದ ಹೆಂಡತಿ ಆರಿಸಿ ಕೊಟ್ಟಳು. ಅಕ್ಕ ಅದನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ನನ್ನನ್ನೂ ಕೇಳಲಿಲ್ಲ. ಕಿಟಕಿಯ ಹೊರಗೆ ಹೋಗುತ್ತಿದ್ದ ಅಂಚೆಯವನನ್ನು ಕರೆದು, "ಅಣ್ಣಾ, ಇದು ಯಾವ ಬಣ್ಣ?" ಎಂದಳು.

"ಹಸಿರು. ಯಾಕಮ್ಮ, ಪಂದ್ಯಾನಾ?" ಎಂದ ಅವನು.

ನನಗೆ ನಾಚಿಕೆಯಾಯಿತು. ಹೆಂಡತಿಯ ಮುಖ ನೋಡಿದೆ. ಅವಳು ಬೇಸರಪಟ್ಟಂತೆ ಕಾಣಲಿಲ್ಲ.

"ನಾಳೇನೂ ಯಾರನ್ನಾದ್ರೂ ಕೇಳಿ ಅತ್ತಿಗೆ," ಎಂದಳು. "ಈ ಮನೇಲಿ ನನಗೂ ಒಬ್ಬ ಸಾಕ್ಷಿ ಬೇಕು."

"ಕೇಳ್ತೀನಿ," ಎಂದಳು ಅಕ್ಕ. ಮರುದಿನ ಕೇಳಿದಳು ಕೂಡ.