ಕರೆದರು, ಹೋದೆ

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಗಾದೆ. ನಮ್ಮ ಮನೆಯಲ್ಲಿ ಅದು ಹಿಂದುಮುಂದಾಗಿತ್ತು: ಹೆಗ್ಗಣಕ್ಕೆ ಹೋಗಿಬರುವವರೆಲ್ಲ ಮುದ್ದು. ಗಾದೆ ಕೆಡಿಸಿದ್ದಕ್ಕೆ ಬೈಯುವವರು ಬೈಯಲಿ, ಕತೆಯನ್ನು ಕೆಡಿಸುವುದಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಗ್ರಿಗೋರೆ ಎಂಬ ನನ್ನ ಬಾಯಲ್ಲಿ ನಿಜ ಬರುವುದು ಲೀಪ್ ವರ್ಷಕ್ಕೊಮ್ಮೆ ಎಂದು ನಮ್ಮೂರಿಗೆಲ್ಲ ಗೊತ್ತಿರುವುದರಿಂದ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹೆಗ್ಗಣ ಎಂದದ್ದು ನನ್ನ ತಂಗಿ ಸವಿನಾಳನ್ನು. ನಮ್ಮ ರಾಜಧಾನಿ ಬುಖಾರೆಸ್ಟಿನಲ್ಲಿ ಸರ್ಕಾರ ಉರುಳಿದ ಮಾರನೆಯ ವರ್ಷ, ದ್ರಾಕ್ಷಿ ಕೀಳುವ ಕಾಲದಲ್ಲಿ ಅವಳು ನಮ್ಮ ಮನೆಗೆ ಬಂದಳು. ವಯಸ್ಸು ನಾಲ್ಕು, ಮೈ ಎರಡು ವರ್ಷದ ಮಗುವಿನದು. ಬೋಳಿಸಿದ ತಲೆ. ಬಾಯಲ್ಲಿದ್ದ ಮಾತುಗಳನ್ನು ಎಣಿಸಲು ಎರಡು ಕೈಯ ಬೆರಳು ಸಾಕಿತ್ತು.

ಅದಕ್ಕೆ ಮೊದಲು ಅವಳು ಇದ್ದದ್ದು ನಮ್ಮೂರ ಅಂಚಿನ ಅನಾಥಾಲಯದಲ್ಲಿ. ಅಂಥ ಮನೆಗಳಿಗೆ ಸರ್ಕಾರ ಇಟ್ಟ ಹೆಸರು ‘ತೊಟ್ಟಿಲು’. ತೂಗುವವರು ಇರಲಿಲ್ಲ. ಒಂದು ಕೋಣೆಗೆ ಮೂವತ್ತು ಕಬ್ಬಿಣದ ಮಂಚ, ಮೂವತ್ತು ಮಂಚಕ್ಕೆ ಇಬ್ಬರು ದಾದಿಯರು. ಹಾಲಿನ ಬಾಟಲಿಯನ್ನು ದಿಂಬಿಗೆ ಒರಗಿಸಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಮಕ್ಕಳು ತಮ್ಮನ್ನು ತಾವೇ ತೂಗಿಕೊಳ್ಳುತ್ತಿದ್ದವು, ಮೊಣಕಾಲ ಮೇಲೆ ಕೂತು, ಹಿಂದಕ್ಕೆ ಮುಂದಕ್ಕೆ, ಗಂಟೆಗಟ್ಟಲೆ. ಅತ್ತರೆ ಯಾರೂ ಬರುವುದಿಲ್ಲವೆಂದು ಕಲಿತದ್ದರಿಂದ ಆ ಕೋಣೆಯಲ್ಲಿ ಸದ್ದೇ ಇರುತ್ತಿರಲಿಲ್ಲ.

ನನ್ನ ಅಮ್ಮ ಪ್ರೋಫಿರಾ ಅಂಚೆ ಹಂಚುವವಳು. ವಾರಕ್ಕೆರಡು ಸಲ ಅಲ್ಲಿಗೆ ಟಪಾಲು ಒಯ್ಯುತ್ತಿದ್ದಳು. ಒಂದು ದಿನ ಬೋಳುತಲೆಯ ಹುಡುಗಿಯೊಬ್ಬಳು ಅವಳ ಚೀಲದ ಪಟ್ಟಿಯನ್ನು ಹಿಡಿದುಕೊಂಡು ಬಿಡಲಿಲ್ಲವಂತೆ. ಮುಂದಿನ ಸಲವೂ ಅದೇ ಹುಡುಗಿ, ಅದೇ ಪಟ್ಟಿ. ಅಮ್ಮ ಮನೆಗೆ ಬಂದು ಅಪ್ಪನಿಗೆ ಹೇಳಿದ್ದು ಒಂದೇ ಮಾತು, “ಅಷ್ಟು ಜನ ಬಂದು ಹೋಗ್ತಾರೆ, ಅವಳು ನನ್ನನ್ನೇ ಆರಿಸ್ಕೊಂಡ್ಲು ಕಣ್ರೀ.” ಮಾತಿಗಿಂತ ಸೀನುವುದೇ ಹೆಚ್ಚಾಗಿದ್ದ ಅಪ್ಪ ಒಮ್ಮೆ ಸೀನಿದ. ನಮ್ಮಲ್ಲಿ ಅದಕ್ಕೆ ಒಪ್ಪಿಗೆ ಎಂದರ್ಥ.

ತನ್ನನ್ನೇ ಆರಿಸಿಕೊಂಡಳು ಎನ್ನುವ ಆ ಮಾತನ್ನು ಅಮ್ಮ ಎದೆಯ ಜೇಬಿನಲ್ಲಿ ಇಟ್ಟುಕೊಂಡಂತೆ ಇಟ್ಟುಕೊಂಡಿದ್ದಳು. ಅದು ಒಂದು ತಿಂಗಳೂ ಬಾಳಲಿಲ್ಲ. ಗ್ಯಾಸ್ ಸಿಲಿಂಡರ್ ತಂದವನ ಕೈ ಹಿಡಿದು ಸವಿನಾ ಲಾರಿಯವರೆಗೂ ಹೋದಳು. ಬಸ್ಸಿನಲ್ಲಿ ಕಂಡರಿಯದ ಮುದುಕಿಯ ತೊಡೆ ಏರಿ ಕೂತು ಕೆನ್ನೆಗೆ ಮುತ್ತಿಟ್ಟಳು. ಅಮ್ಮ ಅಂಚೆಕಚೇರಿಗೆ ಹೊರಟರೆ ಅಳಲಿಲ್ಲ, ಬಂದರೆ ಓಡಿಬರಲಿಲ್ಲ. ಒಲೆಗೆ ಕೈ ತಾಗಿ ಬೊಬ್ಬೆ ಎದ್ದರೂ ಯಾರಿಗೂ ತೋರಿಸಲಿಲ್ಲ. ಸ್ನಾನ ಮಾಡಿಸುವಾಗ ಅಮ್ಮ ತಾನಾಗಿ ನೋಡಿದ್ದು. ದಿಂಬಿನ ಕೆಳಗೆ ರೊಟ್ಟಿಯ ಚೂರುಗಳು ಸಿಗುತ್ತಿದ್ದವು, ಬೂಷ್ಟು ಹಿಡಿದವೂ.

ಅಮ್ಮ ಅವಳನ್ನು ತೋರಿಸಿದ ಡಾಕ್ಟರಮ್ಮ ಸುಳ್ಳು ಸಮಾಧಾನ ಹೇಳುವವಳಲ್ಲ. ಊಟ ಹಾಕಿದರೆ ಮೈ ಬರುತ್ತದೆ, ಮಾತಾಡಿಸಿದರೆ ಮಾತು ಬರುತ್ತದೆ, ತಾಯಿಯನ್ನು ಹಚ್ಚಿಕೊಳ್ಳುವುದರ ಬಗ್ಗೆ ಮಾತ್ರ ತನಗೆ ಗೊತ್ತಿಲ್ಲ ಎಂದಳು. “ಗುರುತಿಲ್ಲದವರು ಬಂದಾಗ ನಿಮ್ಮ ಹಿಂದೆ ಬಂದು ನಿಂತ್ಕೋತಾಳಾ ನೋಡ್ತಿರಿ” ಎಂದಳು. ಅಮ್ಮ ಅಂದಿನಿಂದ ಅದೊಂದನ್ನೇ ಕಾದಳು.

ಪಕ್ಕದ ಮನೆಯಲ್ಲಿ ಅಪ್ಪನ ತಂಗಿ ಅಗ್ಲಾಯಾ ಅತ್ತೆ ಇದ್ದಳು. ಅವಳ ನಾಲಗೆಗೆ ವರ್ಷವಿಡೀ ರಜೆಯಿಲ್ಲ. ಬೇಲಿಯಾಚೆಯಿಂದ ಒಮ್ಮೆ ಅಂದಳು: “ವಿಳಾಸ ಬರೀದ ಕಾಗದ ಕಣೇ ಇದು, ಪ್ರೋಫಿರಾ. ಯಾರು ಕೈ ಚಾಚಿದ್ರೂ ಅವರದ್ದು.” ಅಮ್ಮ ಬಟ್ಟೆ ಹಿಂಡುತ್ತಿದ್ದಳು, ಹಿಂಡಿದ್ದನ್ನೇ ಇನ್ನೊಮ್ಮೆ ಹಿಂಡಿದಳು.

ನಾನು ಆಗ ಯಾಶ್ ಪಟ್ಟಣದ ಕಾಲೇಜಿನಲ್ಲಿ ಓದುತ್ತಿದ್ದೆ. ಓದಿದ್ದಕ್ಕಿಂತ ಪ್ರೊಫೆಸರುಗಳ ದನಿ ಅಣಕಿಸಿದ್ದು ಹೆಚ್ಚು. ಪಾದ್ರಿಯ ಮೂಗಿನ ರಾಗ, ರೈಲುನಿಲ್ದಾಣದ ಹೆಂಗಸಿನ ಘೋಷಣೆ, ಅಪ್ಪನ ಸೀನು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಹೊಸವರ್ಷಕ್ಕೆ ಊರಿಗೆ ಬಂದವನು ಅಮ್ಮನ ಮುಖ ನೋಡಿ ಒಂದು ಉಪಾಯ ಹೂಡಿದೆ.

ವರ್ಷದ ಕೊನೆಯ ದಿನ ನಮ್ಮೂರಲ್ಲಿ ಮುಖವಾಡದವರು ಮನೆಮನೆಗೆ ಬರುತ್ತಾರೆ. ಕುರಿತೊಗಲ ಮುಖ, ಅವರೆಕಾಳಿನ ಹಲ್ಲು, ಸೊಂಟದ ಸುತ್ತ ಗಂಟೆಗಳು. ದನಿ ಬದಲಿಸಿ ಮಾತಾಡಬೇಕು. ಮನೆಯವರು ಗುರುತು ಹಿಡಿದರೆ ಮುಖವಾಡ ತೆಗೆಯಬೇಕು, ಏನೂ ಸಿಗುವುದಿಲ್ಲ. ಅವರಲ್ಲಿ ಮುದುಕನ ವೇಷದವನ ಕೆಲಸ ಮಕ್ಕಳನ್ನು ಕೇಳುವುದು. “ಈ ಮಗು ನನಗೆ ಬೇಕು, ನಡಿ” ಎಂದು ಕೈ ಚಾಚುತ್ತಾನೆ. ಮಗು ಕಿರುಚಿ ತಾಯಿಯನ್ನು ತಬ್ಬುತ್ತದೆ. ತಾಯಿ ಮೂರು ಸಲ “ಕೊಡಲ್ಲ” ಎಂದು ಹೇಳಿ, ಮಗುವಿಗೆ ಬದಲಾಗಿ ಜಡೆಯಂತೆ ಹೆಣೆದು ಬೇಯಿಸಿದ ರೊಟ್ಟಿಯೊಂದನ್ನು ಅವನ ಕೈಗಿಡುತ್ತಾಳೆ. ನಮ್ಮೂರಲ್ಲಿ ಹುಟ್ಟಿದವರೆಲ್ಲ ಹೀಗೆ ಒಂದೊಂದು ರೊಟ್ಟಿಗೆ ಬಿಡುಗಡೆಯಾದವರೇ.

ಸವಿನಾ ಹೆದರಿ ಅಮ್ಮನನ್ನು ತಬ್ಬಲಿ, ಅಮ್ಮನಿಗೆ ಬೇಕಾದ್ದು ಸಿಗಲಿ. ಇದು ನನ್ನ ಲೆಕ್ಕ.

ಸಂಜೆಗೆ ಮುಂಚೆ ಮುದುಕನ ವೇಷದಲ್ಲಿ ನಮ್ಮ ಮನೆಗೇ ಹೋದೆ. ಅಗ್ಲಾಯಾ ಅತ್ತೆ ತನ್ನ ಮಗಳು ಮಿರೂನಾಳೊಂದಿಗೆ ನಮ್ಮಲ್ಲೇ ಇದ್ದಳು. ಐದು ವರ್ಷದ ಮಿರೂನಾ ನನ್ನನ್ನು ಕಂಡದ್ದೇ ಚೀರಿ, ಎರಡೂ ಕೈಯಲ್ಲಿ ಅತ್ತೆಯ ಏಪ್ರನ್ ಹಿಡಿದು ಮುಖ ಹುದುಗಿಸಿದಳು. ಅತ್ತೆ ಜಂಬದಿಂದ ಮೂರು ಸಲ “ಕೊಡಲ್ಲ” ಎಂದು ರೊಟ್ಟಿ ಕೊಟ್ಟಳು. ಅಮ್ಮನೂ ತನ್ನ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಸಿದ್ಧಳಾಗಿ ನಿಂತಿದ್ದಳು. ನಾನು ಸವಿನಾಳ ಕಡೆ ತಿರುಗಿ ಕೈ ಚಾಚಿದೆ.

ಅವಳು ಹೋಗಿ ಬೂಟು ತಂದಳು. ನೆಲದ ಮೇಲೆ ಕೂತು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಕೊಂಡಳು. ದಿಂಬಿನ ಕೆಳಗಿನಿಂದ ಒಂದು ಚೂರು ರೊಟ್ಟಿ ತೆಗೆದು ಜೇಬಿಗೆ ಸೇರಿಸಿದಳು. ಬಂದು ನನ್ನ ಕೈ ಹಿಡಿದಳು.

ಯಾರೋ ಮೊದಲು ನಕ್ಕರು, ಆಮೇಲೆ ಎಲ್ಲರೂ. ಆಟವನ್ನು ಅಲ್ಲೇ ನಿಲ್ಲಿಸಬೇಕಿತ್ತು. ಈಗ ತಿರುಗುತ್ತಾಳೆ, ಇನ್ನೊಂದು ಹೆಜ್ಜೆಗೆ ತಿರುಗುತ್ತಾಳೆ ಎಂದುಕೊಂಡು ಹಿಮದಲ್ಲಿ ನಡೆದೆ. ಗೇಟು ದಾಟಿದೆವು, ಬಾವಿ ಬಂತು. ಅವಳು ತಿರುಗಲಿಲ್ಲ.

“ನಾನು ಯಾರು ಗೊತ್ತಾ?” ಮುದುಕನ ದನಿಯಲ್ಲೇ ಕೇಳಿದೆ.

“ಗೊತ್ತಿಲ್ಲ.”

ಮುಖವಾಡ ತೆಗೆದೆ. ಅವಳ ಮುಖದಲ್ಲಿ ಆಶ್ಚರ್ಯವೂ ಇಲ್ಲ, ಖುಷಿಯೂ ಇಲ್ಲ. “ಈಗ ನಿನ್ನ ಜೊತೇನಾ ಹೋಗೋದು?” ಎಂದು ಕೇಳಿದಳು.

ವಾಪಸು ಬಂದಾಗ ಅಮ್ಮ ನಿಂತಲ್ಲೇ ನಿಂತಿದ್ದಳು, ಕೈಯಲ್ಲಿ ರೊಟ್ಟಿ. ಅದನ್ನು ಬುಟ್ಟಿಗೆ ಹಾಕಿ, ಸವಿನಾಳ ಬೂಟು ಬಿಚ್ಚಿ, ಕಾಲು ಒರೆಸಿದಳು. ಮುಂದಿನ ವರ್ಷದಿಂದ ಆ ದಿನ ನಮ್ಮ ಗೇಟಿಗೆ ಒಳಗಿನಿಂದ ಚಿಲಕ.

ನಾಲ್ಕು ವರ್ಷ ಕಳೆದವು. ಡಾಕ್ಟರಮ್ಮ ಹೇಳಿದಂತೆ ಮೈ ಬಂತು, ಕೂದಲು ಬಂತು, ಮಾತು ಬಂತು. ಶಾಲೆಯಲ್ಲಿ ಲೆಕ್ಕ ಹತ್ತಲಿಲ್ಲ, ಒಂದು ಕಡೆ ಕೂರಲಾಗಲಿಲ್ಲ. ಬೇರೆ ಮಕ್ಕಳು ನಕ್ಕರೆ ಅವರ ಮುಖ ನೋಡಿ, ಒಂದು ಗಳಿಗೆ ತಡೆದು, ತಾನೂ ನಗುತ್ತಿದ್ದಳು. ಆ ತಡವನ್ನು ಮನೆಯಲ್ಲಿ ಬೇರೆ ಯಾರೂ ಗಮನಿಸಲಿಲ್ಲ. ದನಿ ಕದಿಯುವುದು ನನ್ನ ಕಸುಬು. ಪಾಠ ಒಪ್ಪಿಸುವವರನ್ನು ಕಂಡರೆ ಗೊತ್ತಾಗುತ್ತದೆ. ಅಮ್ಮ ದಿನವೂ ಅವಳ ಜಡೆ ಹೆಣೆಯುತ್ತಿದ್ದಳು. ಅವಳು ದಿನವೂ ತಲೆ ಕೊಟ್ಟು ಕೂರುತ್ತಿದ್ದಳು, ಕ್ಷೌರದಂಗಡಿಯಲ್ಲಿ ಕೂತ ಹಾಗೆ.

ಆ ಡಿಸೆಂಬರಿನಲ್ಲಿ ನಾನು ಊರಿಗೆ ಬಂದ ಮೊದಲ ದಿನವೇ ಅಮ್ಮ ಹಿಟ್ಟು ನಾದುತ್ತ ಹೇಳಿದಳು, ಈ ಸಲ ಗೇಟು ತೆಗೆದಿರುತ್ತೇನೆ, ಮುದುಕನ ವೇಷ ಹಾಕಿಕೊಂಡು ಬಾ ಎಂದು. ನಾನು ಬೇಡವೆಂದೆ. ಎಂಟು ವರ್ಷದವಳಿಗೆ ಮುಖವಾಡದ ಭಯವಿರುವುದಿಲ್ಲ, ಅದರಿಂದ ಏನೂ ತಿಳಿಯುವುದಿಲ್ಲ ಎಂದೆ.

“ಒಂದೇ ಒಂದು ಸಲ ನೋಡ್ತೀನಿ ಕಣೋ. ಆಮೇಲೆ ಕೇಳಲ್ಲ.”

ಅಮ್ಮ ನನ್ನ ಬಳಿ ಏನನ್ನೂ ಎರಡು ಸಲ ಕೇಳಿದವಳಲ್ಲ. ಒಪ್ಪಿಕೊಂಡೆ.

ಆ ದಿನ ಬೆಳಿಗ್ಗೆ ಸವಿನಾ ಮತ್ತು ನಾನು ಅಕ್ರೋಟು ಒಡೆಯುತ್ತ ಕೂತಿದ್ದೆವು. ಚಿಕ್ಕವಳಿದ್ದಾಗ ಮುದುಕನ ಜೊತೆ ಹೊರಟಿದ್ದು ನೆನಪಿದೆಯೇ ಎಂದು ಕೇಳಿದೆ. ಇದೆ ಎಂದಳು.

“ಯಾಕೆ ಹೋದೆ?”

“ಕರೆದರಲ್ಲ ಅಣ್ಣ, ಹೋದೆ.”

“ಇವತ್ತು ಕರೆದರೆ?”

ಅವಳು ಅಕ್ರೋಟು ಕೆಳಗಿಟ್ಟು ನನ್ನನ್ನೇ ನೋಡಿದಳು. “ಏನು ಮಾಡ್ಬೇಕು?”

ಹಾಸ್ಯ ಮಾಡಿ ತಪ್ಪಿಸಿಕೊಳ್ಳಬಹುದಿತ್ತು. ಒಳಗೆ ಅಮ್ಮ ರೊಟ್ಟಿ ಹೆಣೆಯುತ್ತಿದ್ದಳು, ಹಿಟ್ಟು ಹಲಗೆಗೆ ಬೀಳುವ ಸದ್ದು ಕೇಳುತ್ತಿತ್ತು. ನಾನು ಹೇಳಿಕೊಟ್ಟೆ. ಮಿರೂನಾ ಏನು ಮಾಡುತ್ತಾಳೋ ನೋಡು, ನಿನ್ನ ಸರದಿ ಬಂದಾಗ ಅಮ್ಮನ ಹತ್ತಿರ ಹೋಗಿ ಅದನ್ನೇ ಮಾಡು. ಇದು ಅಮ್ಮನಿಗೆ ಗೊತ್ತಾಗದ ಹಾಗೆ ನಾವಿಬ್ಬರೂ ಮಾಡುವ ತಮಾಷೆ ಎಂದೆ. ಅಮ್ಮನಿಗೆ ಕೇಳಿಸದಷ್ಟು ದೂರ, ಬಾವಿಯ ಬಳಿಗೆ ಹೋಗಿ, ಅವಳು ಒಮ್ಮೆ ನನಗೆ ಒಪ್ಪಿಸಿ ತೋರಿಸಿದಳು. ಕಿರುಚುವುದು ಇನ್ನೂ ಸ್ವಲ್ಪ ಜೋರಾಗಲಿ ಎಂದು ತಿದ್ದಿದೆ.

ಮಧ್ಯಾಹ್ನ ಗಂಟೆ ಕಟ್ಟಿಕೊಂಡು ಬಂದೆ. ಗೇಟು ತೆರೆದಿತ್ತು. ಒಳಗೆ ಅಪ್ಪ, ಅಗ್ಲಾಯಾ ಅತ್ತೆ, ಒಂಬತ್ತು ವರ್ಷದ ಮಿರೂನಾ, ಅಂಚೆಕಚೇರಿಯ ನಾಲ್ಕಾರು ಜನ. ಸಾರಾಯಿ ಒಂದು ಸುತ್ತು ಆಗಿತ್ತು. ಮಿರೂನಾ ಅರ್ಧ ನಿಜ, ಅರ್ಧ ನಾಟಕದಲ್ಲಿ ಚೀರಿ ಅತ್ತೆಯ ಏಪ್ರನ್ ಹಿಡಿದಳು. ಅತ್ತೆ ರೊಟ್ಟಿ ಕೊಟ್ಟಳು. ಸವಿನಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

“ಈ ಮಗು ನನಗೆ ಬೇಕು” ಎಂದೆ. “ನಡಿ.”

ಸವಿನಾ ಅಮ್ಮನ ಬಳಿಗೆ ನಡೆದು ಹೋದಳು. ಓಡಲಿಲ್ಲ, ಓಡು ಎಂದು ಹೇಳಿಕೊಡಲು ಮರೆತಿದ್ದೆ. ಎರಡೂ ಕೈಯಲ್ಲಿ ಏಪ್ರನ್ ಹಿಡಿದಳು, ಮಿರೂನಾ ಹಿಡಿದ ಜಾಗದಲ್ಲೇ. ಮುಖ ಹುದುಗಿಸಿದಳು. ಕಿರುಚಿದಳು, ಮಿರೂನಾಳದೇ ಕಿರುಚು, ಅದೇ ಏರು, ಅದೇ ಇಳಿತ.

“ಕೊಡಲ್ಲ” ಎಂದಳು ಅಮ್ಮ. “ಕೊಡಲ್ಲ.” ಮೂರನೆಯದು ದನಿಯಾಗಿ ಹೊರಡಲಿಲ್ಲ, ತುಟಿ ಮಾತ್ರ ಆಡಿತು. ನಾಲ್ಕು ವರ್ಷದ ಹಿಂದೆ ಕೊಡದೆ ಉಳಿದ ರೊಟ್ಟಿಯನ್ನೇ ಕೊಡುವಂತೆ ಈ ರೊಟ್ಟಿಯನ್ನು ನನ್ನ ಕಡೆ ಚಾಚಿದಳು. ನಾನು ತೆಗೆದುಕೊಳ್ಳಲು ಕೈ ಮುಂದೆ ಮಾಡಿದೆ.

ಸವಿನಾ ಏಪ್ರನ್ನಿನಿಂದ ಮುಖವೆತ್ತಿ ನನ್ನ ಕಡೆ ನೋಡಿದಳು.

“ಸರಿಯಾಗಿ ಮಾಡಿದ್ನಾ, ಅಣ್ಣ?”

ಅಗ್ಲಾಯಾ ಅತ್ತೆ ತೊಡೆ ತಟ್ಟಿದಳು. “ಸಿಕ್ಕಿಬಿದ್ದ ನೋಡಿ! ಕಾಲೇಜು ಕಲಿತ ಕಳ್ಳನ್ನ ಎಂಟು ವರ್ಷದ ಹುಡುಗಿ ಹಿಡಿದುಬಿಟ್ಲು. ತೆಗಿಯೋ ಮುಖವಾಡ, ನಿನಗೆ ರೊಟ್ಟಿ ಇಲ್ಲ.” ಅಪ್ಪ ಸೀನಿದ. ಮಿರೂನಾ ಕುಣಿದಳು. ಅಂಚೆಕಚೇರಿಯವರು ಮೇಜು ಬಡಿದು ನಕ್ಕರು. ಏಮಾರಿದವನು ನಾನೆಂದೇ ಎಲ್ಲರೂ ತಿಳಿದರು.

ಮುಖವಾಡ ತೆಗೆದೆ. ಅಮ್ಮ ನನ್ನನ್ನು ನೋಡಿದಳು, ಸವಿನಾಳ ಎರಡು ಕೈಗಳನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಸಾವಿರಾರು ಕಾಗದಗಳನ್ನು ಹಂಚಿದವಳಿಗೆ ಯಾರ ಕೈಬರಹ ಯಾವುದೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರೊಟ್ಟಿಯನ್ನು ಮೇಜಿನ ಮೇಲಿಟ್ಟಳು.

ಏಪ್ರನ್ ಇನ್ನೂ ಸವಿನಾಳ ಮುಷ್ಟಿಯಲ್ಲಿತ್ತು. ಬಿಡು ಎಂದು ನಾನು ಹೇಳಿಕೊಟ್ಟಿರಲಿಲ್ಲ. ಅಮ್ಮ ಆ ಮುಷ್ಟಿಗಳ ಮೇಲೆ ತನ್ನ ಕೈಯಿಟ್ಟು ನಗತೊಡಗಿದಳು, ಅತ್ತೆಗಿಂತ ಜೋರಾಗಿ, ಎಲ್ಲರಿಗಿಂತ ಜೋರಾಗಿ. ಉಳಿದವರು ನಕ್ಕು ಮುಗಿಸಿ ಲೋಟಗಳಿಗೆ ಕೈ ಚಾಚಿದ ಮೇಲೂ ಅವಳೊಬ್ಬಳು ನಗುತ್ತಲೇ ಇದ್ದಳು. ಸವಿನಾ ತಲೆಯೆತ್ತಿ ಅವಳ ಬಾಯನ್ನೇ ನೋಡುತ್ತಿದ್ದಳು.